ವಿಳಿಂಜಂ ಮುದುಕನ ಮೌನ

ಕಾಸರಗೋಡು ಬಿಟ್ಟು ಬಂದು ಕೊಚ್ಚಿಯಲ್ಲಿ ಸಾಕ್ಷ್ಯಚಿತ್ರ ತೆಗೆಯುತ್ತಿದ್ದ ಕಾಲ ಅದು. ವಿಳಿಂಜಂ ಕಡಲ ದಂಡೆಯಲ್ಲಿ ಬಲೆ ಹೆಣೆಯುತ್ತಿದ್ದ ಒಬ್ಬ ಮುದುಕನನ್ನು ನಾಲ್ಕು ದಿನ ಚಿತ್ರೀಕರಿಸಿದೆ. ಮಹಾ ಮಾತುಗಾರ. ಕ್ಯಾಮೆರಾ ಕಂಡರೆ ಇನ್ನೂ ಜೋರು. ತಮಾಷೆ ಹೇಳಿ ತಾನೇ ಮೊದಲು ನಗುತ್ತಿದ್ದ. ನನಗೋ ಸಿಟ್ಟು. ದುಃಖ ಕಾಣದಿದ್ದರೆ ಅದು ಸಾಕ್ಷ್ಯಚಿತ್ರವೇ ಅಲ್ಲ ಎಂದು ನಂಬಿದ್ದ ಮೂರ್ಖ ನಾನು.

ಕೊಚ್ಚಿಯ ಕಲೂರಿನಲ್ಲಿದ್ದ ನನ್ನ ಎಡಿಟಿಂಗ್ ಕೋಣೆಯಲ್ಲಿ ಅವನ ಮಾತನ್ನೆಲ್ಲ ಕತ್ತರಿಸಿದೆ. ಮಾತಿನ ನಡುವೆ ದಣಿವಾರಿಸಿಕೊಳ್ಳಲು ಸುಮ್ಮನಾಗಿ ಕಡಲು ನೋಡಿದ ಕ್ಷಣಗಳನ್ನಷ್ಟೇ ಹೆಕ್ಕಿ ಜೋಡಿಸಿದೆ. ಚಿತ್ರ ಮುಗಿದ ಮೇಲೆ ಅದೇ ಟೇಪುಗಳಲ್ಲಿ ಬೇರೆ ಕೆಲಸ ಚಿತ್ರೀಕರಿಸುವುದು ನನ್ನ ರೂಢಿ. ಹಾಗಾಗಿ ಅವನ ನಗುವಿನ ಮೇಲೆ ಯಾರದೋ ಮದುವೆ ಬಂದು ಕೂತಿತು.

ತಿರುವನಂತಪುರದಲ್ಲಿ ಚಿತ್ರಕ್ಕೆ ಪ್ರಶಸ್ತಿ ಬಂತು. ಮುದುಕನ ಮೌನ ಎದೆ ಕಲಕುತ್ತದೆ ಎಂದು ತೀರ್ಪುಗಾರರು ಹೊಗಳಿದರು. ನಾನು ಬೀಗಿದೆ.

ಮರುವರ್ಷ ಆತ ತೀರಿಕೊಂಡ. ಒಂದು ಮಧ್ಯಾಹ್ನ ಅವನ ಮಗಳು ವಿಳಿಂಜಂನಿಂದ ನನ್ನನ್ನು ಹುಡುಕಿಕೊಂಡು ಕಲೂರಿಗೆ ಬಂದಳು. ಚಿತ್ರ ಹಾಕಿ ತೋರಿಸಿದೆ. ಕದಲದೆ ಕೊನೆಯವರೆಗೂ ನೋಡಿ, ಮಲಯಾಳದಲ್ಲಿ ಕೇಳಿದಳು:

“ಚೇಟ್ಟಾ, ಅಪ್ಪ ಮಾತಾಡಿದ್ದು ಎಲ್ಲಿ?”

ಅಳಿಸಿಬಿಟ್ಟೆ ಎಂದು ಹೇಳುವಾಗ ಅವಳ ಮುಖ ನೋಡಲಾಗಲಿಲ್ಲ. ಚಿತ್ರದ ಸಿ.ಡಿ.ಯನ್ನು ಅವಳ ಮುಂದೆ ಚಾಚಿದೆ. ಅವಳು ಕೈ ನೀಡಲಿಲ್ಲ.

“ಬೇಡ. ಇದನ್ನ ಮಕ್ಕಳಿಗೆ ತೋರಿಸಿದ್ರೆ, ಈ ಅಜ್ಜ ಯಾರು ಅಂತ ಕೇಳ್ತಾರೆ.”