ಕಾರ್ಡಿಲ್ಲದ ಮಗು

ಆ ಮಕ್ಕಳ ಕ್ಲಿನಿಕ್ಕಿನಲ್ಲಿ ಟೋಕನ್ ಕೂಗುವವಳಿಗೆ ಟೋಕನ್ ಅಕ್ಕ ಎಂದೇ ಹೆಸರು ಬಿದ್ದಿತ್ತು. ಹದಿನಾಲ್ಕು ವರ್ಷದಿಂದ ಅದೇ ಸ್ಟೂಲು, ಅದೇ ಮೇಜು, ಬೆನ್ನ ಹಿಂದೆ ಅದೇ ಕಾರ್ಡಿನ ಬೀರು. ಬಂದ ಮಗುವನ್ನು ತೂಗಬೇಕು, ಕಾರ್ಡಿನಲ್ಲಿ ತಾರೀಖು, ತೂಕ, ಜ್ವರ ಬರೆಯಬೇಕು, ತಾಯಿ ಹೇಳಿದ ಹತ್ತು ಮಾತನ್ನು ಒಂದು ಸಾಲಿಗೆ ಇಳಿಸಿ ಒಳಗೆ ಕಳಿಸಬೇಕು. ಇನ್ನು ಅವಳ ಗಂಟಲೋ, ದೇವರಿಗೇ ಪ್ರೀತಿ. ಅವಳು ಒಳಗಿನಿಂದ ನಂಬರು ಕೂಗಿದರೆ ಎದುರಿನ ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದ ಅಪ್ಪಂದಿರು ಲೋಟ ಬಿಟ್ಟು ಓಡಿಬರುತ್ತಿದ್ದರು.

"ಡಾಕ್ಟ್ರು ಒಳ್ಳೆಯವರಾ ಅಕ್ಕಾ?" ಎಂದು ಹೊಸಬರು ಯಾರಾದರೂ ಕೇಳಿದರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

"ಬೆಳಗ್ಗೆಯಿಂದ ಎಂಬತ್ತು ಜನ ಇಲ್ಲಿ ಸೊಳ್ಳೆ ಹೊಡೀತಾ ಕೂತಿದ್ದಾರಾ? ಇವರ ಕೈಗುಣ ಅಂಥದ್ದು."

ಹಿಂದಿನ ಬೀದಿಯ ಕಿವಿ ಡಾಕ್ಟರಮ್ಮನ ಮಾತೆತ್ತಿದರೆ ಮೂಗು ಮುರಿಯುತ್ತಿದ್ದಳು. "ಅವರಾ? ಮುಖ ನೋಡಿದ್ರೆ ಇಳಿದ ಜ್ವರ ಮತ್ತೆ ಏರುತ್ತೆ. ಯಾವಾಗ ಶುರುವಾಯ್ತು, ಎಷ್ಟು ಸಲ ಆಯ್ತು, ಏನು ಹಾಕಿದ್ರಿ ಅಂತ ಪೊಲೀಸಿನವರ ಹಾಗೆ ಕೇಳ್ತಾರೆ." ಹೀಗೆ ಅವಳು ಎಷ್ಟು ತಾಯಂದಿರನ್ನು ಆ ಬಾಗಿಲಿನಿಂದ ತಿರುಗಿಸಿದ್ದಳೋ, ಲೆಕ್ಕವಿಟ್ಟವರಿಲ್ಲ.

ಅವಳಿಗೂ ಒಬ್ಬಳು ಮಗಳು, ಗುಬ್ಬಿ. ಹೆರಿಗೆ ರಜೆ ಮುಗಿಸಿ ಮಗುವನ್ನು ಮೊದಲ ಸಲ ಎತ್ತಿಕೊಂಡು ಬಂದ ದಿನ, ಬೀರುವಿನಿಂದ ಹೊಸ ಕಾರ್ಡು ತೆಗೆದಿದ್ದಳು. ಡಾಕ್ಟರು ನಕ್ಕು ಅದನ್ನು ಅವಳ ಕೈಯಿಂದ ಕಸಿದು ಮೇಜಿನ ಮೇಲೆ ಹಾಕಿದರು. "ನಿಂಗ್ಯಾಕಮ್ಮ ಟೋಕನ್ನು, ಕಾರ್ಡು? ನಿನ್ನ ಮಗು ನನ್ನ ಮಗು ಇದ್ದ ಹಾಗೆ. ಯಾವಾಗ ಬೇಕಾದರೂ ಕರ್ಕೊಂಡು ಬಾ."

ಆ ಮಾತನ್ನು ಅವಳು ಬೀದಿಯ ತುಂಬ ಹೇಳಿಕೊಂಡು ತಿರುಗಿದಳು. ಹೆಮ್ಮೆಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಗುಬ್ಬಿಗೆ ಮೂರು ತುಂಬಿದಾಗ ಮೊದಲ ಸಲ ಕಿವಿ ಸೋರಿತು. ಒಂದು ಟೋಕನ್ನಿನವರು ಹೊರಬಂದು ಇನ್ನೊಂದರವರು ಒಳಹೋಗುವ ಸಂದಿನಲ್ಲಿ ಅವಳು ಮಗಳನ್ನು ಬಾಗಿಲಿಗೆ ಒಯ್ದಳು. ಡಾಕ್ಟರು ಎದ್ದು ಬಂದು, ನಿಂತೇ ನೋಡಿ, ಕೆನ್ನೆ ತಟ್ಟಿ, ಚೀಟಿಯಲ್ಲಿ ಒಂದು ಹನಿ ಔಷಧಿ ಬರೆದುಕೊಟ್ಟರು. ಸೋರುವುದು ನಿಂತಿತು. ನಾಲ್ಕು ತಿಂಗಳಿಗೆ ಮತ್ತೆ ಸೋರಿತು. ಮತ್ತೆ ಅದೇ ಬಾಗಿಲು, ಮತ್ತೆ ಅದೇ ಹನಿ. ಮೂರು ವರ್ಷ ಹೀಗೇ ನಡೆಯಿತು. ಪ್ರತಿ ಸಲವೂ ಅವರಿಗೆ ಅದು ಮೊದಲನೆಯ ಸಲ. ಹಿಂದಿನದನ್ನು ನೆನಪಿಸಲು ಕೈಯಲ್ಲಿ ಕಾಗದವಿರಲಿಲ್ಲ, ಬೆನ್ನ ಹಿಂದೆ ನಲವತ್ತು ಮಕ್ಕಳು ಅಳುತ್ತಿದ್ದವು. ಅವಳಿಗೂ ಹೆಚ್ಚು ಮಾತಾಡಲು ಸಂಕೋಚ. ಪುಕ್ಕಟೆ ನೋಡುವವರ ತಲೆ ತಿನ್ನುವುದು ಹೇಗೆ?

"ಆ ಕಿವಿ ಡಾಕ್ಟರಮ್ಮಂಗೆ ಒಂದ್ಸಲ ತೋರಿಸೋಣ ಕಣೇ," ಎಂದು ಗಂಡ ಎರಡು ಸಲ ಹೇಳಿ ನೋಡಿದ.

"ಊರೆಲ್ಲ ಇವರ ಬಾಗಿಲಿಗೆ ಬಂದು ಕಾಯ್ತಾರೆ. ನಾನು ಇವರ ಅನ್ನ ತಿಂದು ಇನ್ನೊಬ್ಬರ ಬಾಗಿಲಿಗೆ ಹೋಗ್ಲಾ? ಸುಮ್ನಿರ್ರೀ," ಎಂದು ಅವನ ಬಾಯಿ ಮುಚ್ಚಿಸಿದಳು.

ಕೊನೆಗೆ ಅವಳ ಬಾಯಿ ಮುಚ್ಚಿಸಿದ್ದು ಶಾಲೆಯ ಟೀಚರು. "ನಿಮ್ಮ ಮಗಳು ಮೊಂಡಿಯಲ್ಲಮ್ಮ. ಹಿಂದಿನಿಂದ ಕರೆದರೆ ಅವಳಿಗೆ ಗೊತ್ತೇ ಆಗ್ತಿಲ್ಲ."

ಅವತ್ತು ತಲೆಗೆ ಸೆರಗು ಎಳೆದುಕೊಂಡು, ಕಳ್ಳಿಯ ಹಾಗೆ ಹಿಂದಿನ ಬೀದಿಗೆ ಹೋದಳು. ಕಿವಿ ಡಾಕ್ಟರಮ್ಮ ಗುಬ್ಬಿಯನ್ನು ಕೂರಿಸಿಕೊಂಡು ಅರ್ಧ ಗಂಟೆ ನೋಡಿದರು. ನಗಲಿಲ್ಲ, ಕೆನ್ನೆ ತಟ್ಟಲಿಲ್ಲ.

"ಮೊದಲು ಸೋರಿದ್ದು ಯಾವಾಗ? ಇದುವರೆಗೆ ಎಷ್ಟು ಸಲ? ಕಾರ್ಡ್ ಎಲ್ಲಿ?"

ಯಾರ ಮಗುವಿಗೆ ಹೋದ ವರ್ಷ ಎಷ್ಟು ತೂಕವಿತ್ತೆಂದು ಬಾಯಿಪಾಠ ಒಪ್ಪಿಸಬಲ್ಲ ಹೆಂಗಸು ತನ್ನ ಮಗಳ ವಿಷಯಕ್ಕೆ ತಡವರಿಸಿದಳು. ಐದು ಸಲವೋ, ಒಂಬತ್ತು ಸಲವೋ.

"ಎರಡು ವರ್ಷದ ಹಿಂದೆ ಬಂದಿದ್ದರೆ ಉಳೀತಿತ್ತು," ಎಂದರು ಡಾಕ್ಟರಮ್ಮ. "ಕೀವು ಬಲಗಿವಿಯ ಒಳಗಿನ ಮೂಳೆಯನ್ನು ತಿಂದುಹಾಕಿದೆ. ಎಡದ್ದೂ ಅರ್ಧ ಹೋಗಿದೆ. ಆಪರೇಷನ್ ಮಾಡಲೇಬೇಕು, ಇಲ್ಲದಿದ್ದರೆ ತಲೆಗೆ ಏರುತ್ತೆ. ಆದರೆ ಹೋದ ಕಿವಿ ಪೂರ್ತಿ ಬರೋದಿಲ್ಲ."

ಮರುದಿನ ಗುಬ್ಬಿಯನ್ನು ಕರೆದುಕೊಂಡೇ ಕೆಲಸಕ್ಕೆ ಹೋದಳು. ಮಗಳನ್ನು ಕಿಟಕಿಯ ಬಳಿ ಕೂರಿಸಿ, ಮೂವತ್ತನೆಯ ಟೋಕನ್ ಮುಗಿದ ಮೇಲೆ ಒಳಗೆ ಹೋಗಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಧ್ವನಿಯಲ್ಲಿ ದುಃಖಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು.

ಡಾಕ್ಟರ ಮುಖ ನಿಜಕ್ಕೂ ಕಂಗೆಟ್ಟಿತು. "ಅಯ್ಯೋ, ಒಂದು ಮಾತು ಹೇಳಬಾರದಿತ್ತೇನಮ್ಮ?"

"ಪ್ರತಿ ಸಲ ಇದೇ ಬಾಗಿಲಲ್ಲಿ ನಿಂತು ಹೇಳಿದ್ದೀನಿ ಸಾರ್."

"ದಿನಕ್ಕೆ ನೂರು ಮಕ್ಕಳು. ನಂಗೆ ಹೇಗೆ ನೆನಪಿರುತ್ತೆ ಹೇಳು? ಅದಕ್ಕೇ ಅಲ್ವಾ ಕಾರ್ಡ್ ಇರೋದು?" ಅವರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. "ಊರಿನ ಮಕ್ಕಳಿಗೆಲ್ಲ ಬರೆಯೋಳು ನೀನೇ. ನಿನ್ನ ಮಗಳಿಗೆ ಒಂದು ಕಾರ್ಡ್ ಯಾಕೆ ಬರೀಲಿಲ್ಲ?"

ಅವತ್ತು ಕಾರ್ಡು ಕಸಿದುಕೊಂಡ ಕೈ ಇದೇ. ಅವರಿಗೆ ಅದರ ನೆನಪೇ ಇರಲಿಲ್ಲ. ಹೇಳಿಬಿಡಬೇಕೆಂದು ಬಾಯಿ ತೆರೆದಳು. ಆದರೆ ಅವರು ಕಸಿದದ್ದು ಒಂದು ಕಾರ್ಡು ಮಾತ್ರ, ಬೀರುವಿನ ತುಂಬ ಕಾರ್ಡುಗಳಿದ್ದವು, ಬೀಗದ ಕೈ ಅವಳ ಸೊಂಟದಲ್ಲೇ ಇತ್ತು.

ಹೊರಗೆ ಬಂದು ಸ್ಟೂಲಿನ ಮೇಲೆ ಕುಳಿತಳು. ಜನ ಅವಳ ಮುಖವನ್ನೇ ನೋಡುತ್ತಿದ್ದರು. ಅವಳು ಎಂದಿಗಿಂತ ಜೋರಾಗಿ ಕೂಗಿದಳು.

"ಮೂವತ್ತೊಂದು."

ಬೆಂಚಿನ ಮೇಲಿದ್ದವರೆಲ್ಲ ಬೆಚ್ಚಿದರು. ತೊಡೆಯ ಮೇಲೆ ಮಲಗಿದ್ದ ಹಸುಗೂಸೊಂದು ಎದ್ದು ಅಳತೊಡಗಿತು. ಎದುರಿನ ಅಂಗಡಿಯಿಂದ ಒಬ್ಬ ಲೋಟ ಬಿಟ್ಟು ಓಡಿಬಂದ. ಮೂರು ಮೊಳ ದೂರದ ಕಿಟಕಿಯಲ್ಲಿ ಗುಬ್ಬಿ ಬೆನ್ನು ಮಾಡಿಕೊಂಡು ಬೀದಿ ನೋಡುತ್ತಲೇ ಇದ್ದಳು.