ತಾತನ ಪುಸ್ತಕದಲ್ಲಿಲ್ಲದ ಊರು

ನಾನು ಊರುಗಳ ಹೆಸರು ಕಲಿತದ್ದು ಲಗ್ನಪತ್ರಿಕೆಗೆ ಅರಿಸಿನ ಹಚ್ಚುತ್ತ. ನಮ್ಮ ಮನೆತನದಲ್ಲಿ ಯಾರ ಮದುವೆಯೇ ಇರಲಿ, ಮುಂಜಿಯೇ ಇರಲಿ, ಚೆನ್ನೈನ ಕೋಡಂಬಾಕ್ಕಂನಲ್ಲಿದ್ದ ನಮ್ಮ ಬಾಡಿಗೆ ಮನೆಯ ಹಾಲಿನಲ್ಲಿ ಚಾಪೆ ಬೀಳುತ್ತಿತ್ತು. ತಾತ ತಮ್ಮ ವಿಳಾಸದ ಪುಸ್ತಕ ಬಿಚ್ಚಿಕೊಂಡು ಊರಿನ ಪ್ರಕಾರ ಓದುತ್ತಿದ್ದರು. ಅಪ್ಪ ಲಕೋಟೆಯ ಮೇಲೆ ಬರೆಯುತ್ತಿದ್ದರು. ನಾಲ್ಕು ಮೂಲೆಗೂ ಅರಿಸಿನ ಮುಟ್ಟಿಸುವ ಕೆಲಸ ನನ್ನದು. ಹೈದರಾಬಾದು ಅಂದರೆ ತಾತನ ತಂಗಿಯ ಮಗ, ಪುಣೆ ಅಂದರೆ ಅಮ್ಮನ ಅಣ್ಣ. ಬೆಂಗಳೂರೊಂದಕ್ಕೇ ಆರು ಪುಟ. ಊರಿಗೆ ಕೋಟೆ, ನದಿ, ಕಾರ್ಖಾನೆಗಳೂ ಇರುತ್ತವೆ ಅನ್ನುವುದು ನನಗೆ ಆಮೇಲೆ ತಿಳಿಯಿತು.

ಆ ಪುಸ್ತಕಕ್ಕೆ ಇನ್ನೊಂದು ಕೆಲಸವಿತ್ತು. ಮನೆಯಿಂದ ಯಾರಾದರೂ ಪರವೂರಿಗೆ ಹೊರಟರೆ ತಾತ ಆ ಊರಿನ ಪುಟ ತೆಗೆದು ಒಂದು ಕಾರ್ಡು ಗೀಚುತ್ತಿದ್ದರು. ‘ನಮ್ಮ ಮಗು ಇಂಥ ಗಾಡಿಯಲ್ಲಿ ಬರುತ್ತಾಳೆ, ಸ್ಟೇಷನ್ನಿಗೆ ಬಂದು ಕರೆದುಕೊಂಡು ಹೋಗುವುದು.’ ನಾವು ಇಳಿಯುವ ಹೊತ್ತಿಗೆ ಪ್ಲಾಟ್‌ಫಾರಂ ಮೇಲೆ ಒಬ್ಬ ಮಾವನೋ ದೊಡ್ಡಪ್ಪನೋ ನಿಂತೇ ಇರುತ್ತಿದ್ದರು. ಮೊದಲು ಅವರ ಕಣ್ಣು ನಮ್ಮ ಕೈ ನೋಡುತ್ತಿತ್ತು. ಏಕೆಂದರೆ ನಮ್ಮ ಮನೆಯಿಂದ ಹೊರಟವರು ಬರಿಗೈಯಲ್ಲಿ ಹೋದದ್ದೇ ಇಲ್ಲ, ಅಮ್ಮ ಮಾಡಿದ ಸಾರಿನ ಪುಡಿಯ ಸ್ಟೀಲ್ ಡಬ್ಬಿ ಕೈಯಲ್ಲಿರಲೇಬೇಕು. ಡಬ್ಬಿ ಇಸಕೊಂಡ ಮೇಲೆ ನಮ್ಮ ಮುಖ ನೋಡಿ, ‘ಥೇಟು ಅಜ್ಜಿ’ ಅನ್ನುತ್ತಿದ್ದರು.

ಹೊರಗಿನವರಿಗೆ ಇದು ಚೆಂದ ಕಾಣಬಹುದು. ನನಗೆ ಮೈ ಉರಿಯುತ್ತಿತ್ತು. ಡಿಗ್ರಿ ಎರಡನೇ ವರ್ಷ ಕಾಲೇಜಿನ ಶಿಬಿರಕ್ಕೆಂದು ಮೈಸೂರಿಗೆ ಹೋಗಿದ್ದೆ. ಶಿಬಿರ ಮುಗಿದ ಮೇಲೆ ಎರಡು ದಿನ ನೆಂಟರ ಮನೆಯಲ್ಲಿ ಉಳಿಯಲೇಬೇಕಾಯಿತು. ವಾಪಸು ಬರುವಷ್ಟರಲ್ಲಿ ನನಗಿಂತ ಮುಂಚೆ ಕಾರ್ಡು ಬಂದು ಕೂತಿತ್ತು. ‘ಮಗು ಎಂಟು ಗಂಟೆಗೆ ಏಳುತ್ತಾಳೆ. ಗೆಳತಿಯರೊಡನೆ ಸಿನಿಮಾಕ್ಕೆ ಹೋಗಿ ಬಂದಳು. ಉಳಿದಂತೆ ಕ್ಷೇಮ.’ ತಾತ ಅದನ್ನು ಗಟ್ಟಿಯಾಗಿ ಓದಿದರು. ಅವತ್ತು ತೀರ್ಮಾನ ಮಾಡಿಬಿಟ್ಟೆ: ಒಂದಲ್ಲ ಒಂದು ದಿನ, ನಮ್ಮವರು ಒಬ್ಬರೂ ಇಲ್ಲದ ಊರಿಗೆ ಹೋಗಿ ಇರುತ್ತೇನೆ. ಎಂಟಕ್ಕಲ್ಲ, ಹತ್ತಕ್ಕೆ ಏಳುತ್ತೇನೆ.

ಆ ದಿನ ಬಂದದ್ದು ಎರಡು ಸಾವಿರದ ಒಂದರ ಮೇ ತಿಂಗಳಲ್ಲಿ. ಕೆಮಿಸ್ಟ್ರಿಯಲ್ಲಿ ಡಿಗ್ರಿ ಮುಗಿಸಿ, ಚೆನ್ನೈನ ಗಿಂಡಿ ಬಡಾವಣೆಯಲ್ಲಿದ್ದ ಒಂದು ಬಣ್ಣದ ಕಂಪನಿಯಲ್ಲಿ ಆರು ತಿಂಗಳ ತರಬೇತಿಯ ಕೊನೆಗೆ ಬಂದಿದ್ದೆ. ಒಂದು ಸೋಮವಾರ ನಮ್ಮೆಲ್ಲರ ಕೈಗೂ ಒಂದೊಂದು ಫಾರಂ ಕೊಟ್ಟರು. ಬೆಂಗಳೂರು, ಹೈದರಾಬಾದು, ಪುಣೆ, ಕೊಚ್ಚಿ, ವಿಶಾಖಪಟ್ಟಣ. ಐದರಲ್ಲಿ ಒಂದಕ್ಕೆ ಗುರುತು ಹಾಕಿ ಶನಿವಾರ ಮಧ್ಯಾಹ್ನದೊಳಗೆ ಕೊಡಬೇಕು. ಚೆನ್ನೈ ಆ ಪಟ್ಟಿಯಲ್ಲೇ ಇರಲಿಲ್ಲ. ನನ್ನ ಜೊತೆಗಿದ್ದವರು ಸಂಬಳ, ಹವೆ, ಹಾಸ್ಟೆಲ್ಲು ಅಂತ ವಿಚಾರಿಸುತ್ತಿದ್ದರು. ನಾನು ಯಾರನ್ನೂ ಏನನ್ನೂ ಕೇಳಲಿಲ್ಲ. ಎಲೆಕ್ಟ್ರಿಕ್ ಟ್ರೇನ್ ಹಿಡಿದು ಮನೆಗೆ ಬಂದು, ತಾತ ಸಂಧ್ಯಾವಂದನೆಗೆ ಕೂತ ಹೊತ್ತು ನೋಡಿ, ಕಪಾಟಿನಿಂದ ಪುಸ್ತಕ ತೆಗೆದೆ.

ಬೆಂಗಳೂರನ್ನು ತೆರೆಯಲೇ ಇಲ್ಲ. ಹೈದರಾಬಾದಿನಲ್ಲಿ ಎಂಟು ಮನೆ, ಪುಣೆಯಲ್ಲಿ ಐದು. ಕೊಚ್ಚಿಯಲ್ಲಿ ಒಂದೇ ಮನೆ, ಆದರೆ ಅದು ಹಿಂದೆ ಮೈಸೂರಿನಲ್ಲಿದ್ದ ಆ ಕಾರ್ಡಿನವರದೇ, ವರ್ಗವಾಗಿ ಹೋಗಿದ್ದರು. ಉಳಿದದ್ದು ವಿಶಾಖಪಟ್ಟಣ. ‘ವ’ ಪುಟದಲ್ಲಿ ಬೆರಳಿಟ್ಟು ಹುಡುಕಿದೆ. ವಿಜಯವಾಡ ಆದ ಮೇಲೆ ನೇರ ವೆಲ್ಲೂರು. ಎರಡು ಸಲ ನೋಡಿದೆ. ಅಲ್ಲೇ ನೆಲದ ಮೇಲೆ ಕೂತು ಪೆನ್ನಿನಲ್ಲಿ ಗುರುತು ಹಾಕಿದೆ. ಸಮುದ್ರವಿದೆ ಅನ್ನುವುದು ಬಿಟ್ಟರೆ ಆ ಊರಿನ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ.

ಊಟಕ್ಕೆ ಕೂತಾಗ ಹೇಳಿದೆ. ತಾತ ಯಾವ ಊರಿನ ಹೆಸರೆತ್ತಿದರೂ ಕೇಳುತ್ತಿದ್ದ ಮೊದಲ ಪ್ರಶ್ನೆ, ‘ಅಲ್ಲಿ ಯಾರಿದಾರೆ?’ ಅದಕ್ಕೆ ಉತ್ತರವನ್ನು ಆಗಲೇ ಬಾಯಿಪಾಠ ಮಾಡಿಟ್ಟುಕೊಂಡಿದ್ದೆ. ‘ಯಾರೂ ಇಲ್ಲ ತಾತ, ಅದಕ್ಕೇ ಹೋಗ್ತಿದೀನಿ.’

ಆ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಅಮ್ಮ ಹುಳಿಯ ಸೌಟು ಹಿಡಿದು ನಿಂತಲ್ಲೇ ನಿಂತಳು. ಅಪ್ಪ ತಟ್ಟೆ ನೋಡತೊಡಗಿದರು. ಊಟದ ನಡುವೆ ಯಾವತ್ತೂ ಏಳದ ತಾತ ಅವತ್ತು ಎದ್ದು ಕೈ ತೊಳೆದು ಬಂದರು.

“ಯಾರು ಹೇಳಿಕೊಟ್ರು ನಿನಗೆ?”

“ಏನು ತಾತ?”

“ಕಾಗದ ಬಂತಾ? ಇಲ್ಲಾ ಆಫೀಸಿಗೆ ಫೋನ್ ಮಾಡಿದ್ಲಾ?”

“ಯಾರು?”

ತಾತ ಸೀದಾ ವರಾಂಡಕ್ಕೆ ಹೋದರು. ನಾನು ಅಮ್ಮನ ಹಿಂದೆ ಅಡಿಗೆಮನೆಗೆ ಹೋದೆ. ಅಮ್ಮ ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ ಕೇಳಿದಳು.

“ನಿಜವಾಗ್ಲೂ ನಿಂಗೆ ತೆರಿಯಾದಾ, ಗೊತ್ತಿಲ್ವಾ?”

“ಏನು ತಿಳಿದಿರಬೇಕಿತ್ತು ಹೇಳಮ್ಮ, ನಂಗೇನೂ ಗೊತ್ತಿಲ್ಲ.”

“ನಿಮ್ಮ ಅತ್ತೆ ಅಲ್ಲಿದಾರೆ ಕಣೆ. ಅಪ್ಪನ ಅಕ್ಕ. ಕೂಡ ಹುಟ್ಟಿದ ಅಕ್ಕ.”

ನನಗೆ ಇಪ್ಪತ್ತೊಂದು ವರ್ಷ. ಅಪ್ಪನಿಗೆ ಒಬ್ಬ ಅಕ್ಕ ಇದ್ದಾರೆ ಅನ್ನುವುದು ಅವತ್ತು ಗೊತ್ತಾಯಿತು. ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ವಿಶಾಖಪಟ್ಟಣಕ್ಕೆ ವರ್ಗವಾಯಿತು, ಒಬ್ಬರೇ ಹೋದರು. ಎರಡು ವರ್ಷದ ಮೇಲೆ ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಬೇರೆ ಜಾತಿಯ ತೆಲುಗಿನವರನ್ನು ರಿಜಿಸ್ಟರ್ ಮದುವೆಯಾದರು. ತಾತ ಸತ್ತವರಿಗೆ ಮಾಡುವ ಹಾಗೆ ತಲೆಗೆ ಸ್ನಾನ ಮಾಡಿ ಕೈ ತೊಳೆದುಕೊಂಡರಂತೆ. ಆಮೇಲೆ ಅಂಗಡಿಯಿಂದ ಹೊಸ ನೋಟ್ ಪುಸ್ತಕ ತಂದು, ಹಳೆಯದರಲ್ಲಿದ್ದ ವಿಳಾಸಗಳನ್ನೆಲ್ಲ ಒಂದು ವಾರ ಕೂತು ನಕಲು ಮಾಡಿದರಂತೆ, ವಿಶಾಖಪಟ್ಟಣ ಒಂದನ್ನು ಬಿಟ್ಟು. ಅಲ್ಲಿದ್ದ ಬೇರೆ ಎರಡು ಮನೆಯವರೂ ಆ ಜೊತೆಯಲ್ಲೇ ಪುಸ್ತಕದಿಂದ ಹೋದರು. ಒಬ್ಬಳನ್ನು ಅಳಿಸುವುದಕ್ಕೆ ಊರಿಗೆ ಊರನ್ನೇ ಅಳಿಸಿದ ಮನುಷ್ಯ ನಮ್ಮ ತಾತ. ಅಜ್ಜಿ ತೀರಿಹೋದಾಗಲೂ ಅತ್ತೆಗೆ ತಿಳಿಸಕೂಡದು ಅಂದಿದ್ದರಂತೆ.

“ಈಗ ನೀನು ತನಿಯಾ, ಒಬ್ಬಳೇ, ಆ ಊರಿಗೇ ಹೋಗ್ತೀನಿ ಅಂದ್ರೆ ಏನ್ ಅರ್ಥ ಆಗುತ್ತೆ ಯೋಚನೆ ಮಾಡು,” ಅಂದಳು ಅಮ್ಮ.

ಯೋಚನೆ ಮಾಡಲು ಮರುದಿನ ಸಂಜೆ ಬಸ್ಸು ಹತ್ತಿ ಬೆಸೆಂಟ್ ನಗರದ ಸಮುದ್ರತೀರಕ್ಕೆ ಹೋದೆ. ಮರಳಿನಲ್ಲಿ ಕೂತು ಉಪ್ಪುಖಾರ ಹಚ್ಚಿದ ಮಾವಿನಕಾಯಿ ತಿನ್ನುತ್ತ ಮನೆಯವರನ್ನೆಲ್ಲ ಒಬ್ಬೊಬ್ಬರನ್ನಾಗಿ ಬೈದೆ. ಅತ್ತೆಯನ್ನೂ ಬಿಡಲಿಲ್ಲ. ನಿಜ ಹೇಳಬೇಕೆಂದರೆ ಆ ಹೊತ್ತಿಗೆ ಅವರ ಮೇಲೆ ಕನಿಕರ ಬರಲಿಲ್ಲ, ಸಿಟ್ಟೇ ಬಂತು. ಇಷ್ಟು ದೊಡ್ಡ ದೇಶದಲ್ಲಿ ನನಗೆಂದು ಒಂದು ಖಾಲಿ ಊರು ಹುಡುಕಿಕೊಂಡರೆ ಅಲ್ಲೂ ನಮ್ಮವರೇ! ನಾನು ಆರಿಸಿದ್ದು ಒಂದು ಊರನ್ನು. ಮನೆಯವರ ಕಣ್ಣಿಗೆ ನಾನು ಒಂದು ಪಕ್ಷವನ್ನು ಆರಿಸಿದಂತೆ ಕಾಣುತ್ತಿತ್ತು. ಗುರುತು ಬದಲಾಯಿಸಿದರೆ ತಾತನಿಗೆ ಹೆದರಿದ ಹಾಗೆ. ಬದಲಾಯಿಸದಿದ್ದರೆ ಅತ್ತೆ ಕರೆಸಿಕೊಂಡರು ಅನ್ನುತ್ತಾರೆ. ಎರಡರಲ್ಲೂ ನನ್ನ ಇಷ್ಟಕ್ಕೆ ಜಾಗವೇ ಇರಲಿಲ್ಲ.

ಶುಕ್ರವಾರ ಬೆಳಿಗ್ಗೆ ತಾತ ನನ್ನನ್ನು ವರಾಂಡಕ್ಕೆ ಕರೆದರು. ಬೈಗುಳ ಕೇಳಲು ತಯಾರಾಗಿ ಹೋದೆ. ಅವರು ಬೈಯಲಿಲ್ಲ, ಎದುರಿನ ಕುರ್ಚಿ ತೋರಿಸಿದರು.

“ಪುಣೆಗೆ ಹೋಗು. ಮಾವನ ಮನೇಲಿ ಇರೋದು ವೇಂಡಾ, ಹಾಸ್ಟೆಲಲ್ಲೇ ಇರು. ನಾನು ಕಾರ್ಡು ಬರೆಯೋದಿಲ್ಲ. ಸ್ಟೇಷನ್ನಿಗೂ ಯಾರೂ ಬರೋದಿಲ್ಲ. ಸರಿಯಾ?”

ಮೈಸೂರಿನ ಆ ಕಾರ್ಡಿನ ದಿನದಿಂದ ನಾನು ಬಯಸಿದ್ದೆಲ್ಲ ಅದೇ. ತಾತ ಅಷ್ಟನ್ನೂ ಬಲ್ಲವರಾಗಿದ್ದರು, ಇಷ್ಟು ವರ್ಷ ಬೇಕೆಂದೇ ಕೊಟ್ಟಿರಲಿಲ್ಲ. ಒಂದು ಗಳಿಗೆ ‘ಸರಿ’ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹಾಸ್ಟೆಲ್ಲು, ಬೀಗದ ಕೈ, ಹತ್ತು ಗಂಟೆಯವರೆಗೆ ನಿದ್ದೆ, ಎಲ್ಲ ಕಣ್ಣೆದುರು ಬಂದು ಹೋಯಿತು.

“ನೀವು ಕಾರ್ಡು ಬರೀದೆ ಇದ್ರೆ ಅದು ನಿಮ್ಮ ದಯ ಆಗುತ್ತೆ ತಾತ,” ಅಂದೆ. “ನಾಳೆ ಮನಸ್ಸು ಬದಲಾದ್ರೆ ಬರೀತೀರಿ. ನಾನು ಗುರುತು ಹಾಕಿ ಆಯ್ತು.”

“ಅವಳೂ ಇಷ್ಟೇ ಪಿಡಿವಾದ ಮಾಡಿದ್ಲು.”

“ಅವರು ಯಾರು ಅಂತಲೇ ನನಗೆ ಗೊತ್ತಿಲ್ಲ. ಈ ಹಟ ನನ್ನದು. ಅವರ ತಲೆ ಮೇಲೆ ಹಾಕಬೇಡಿ.”

ಹಾಗೆ ಮಾತಾಡಿದ್ದು ಅದೇ ಮೊದಲು. ಆದರೂ ನಾಚಿಕೆಯಾಗಲಿಲ್ಲ. ಶನಿವಾರ ಹತ್ತು ಗಂಟೆಗೇ ಗಿಂಡಿಗೆ ಹೋಗಿ ಫಾರಂ ಕೊಟ್ಟೆ. ಮೇಜಿನ ಆಚೆಯ ಹೆಂಗಸು ಅದನ್ನು ನೋಡಿ, ವಿಶಾಖಪಟ್ಟಣ ಕೇಳಿದವಳು ನೀನೊಬ್ಬಳೇ, ಅಲ್ಲಿ ಯಾರಾದರೂ ಇದ್ದಾರಾ ಎಂದು ತಮಿಳಿನಲ್ಲಿ ಕೇಳಿದರು. ನನಗೆ ನಗು ಬಂದುಬಿಟ್ಟಿತು.

ಹೊರಡುವ ದಿನದವರೆಗೆ ತಾತ ನನ್ನ ಜೊತೆ ಮಾತಾಡಲಿಲ್ಲ. ಅಪ್ಪ ಟಿಕೆಟ್ ತಂದುಕೊಟ್ಟರು, ಟ್ರಂಕಿಗೆ ಬೀಗ ತಂದುಕೊಟ್ಟರು, ಬಾಯಿ ಮಾತ್ರ ಬಿಡಲಿಲ್ಲ. ಅಮ್ಮ ಎರಡು ದಿನ ಕೂತು ಕೊತ್ತಂಬರಿ ಬೀಜ, ಮೆಣಸಿನಕಾಯಿ ಹುರಿದು ಪುಡಿ ಮಾಡಿದಳು. ಹೊರಡುವ ಹೊತ್ತಿಗೆ ನನ್ನ ಮುಂದೆ ಎರಡು ಡಬ್ಬಿ ಇಟ್ಟಳು.

“ಎರಡ್ಯಾಕೆ?”

ಅಮ್ಮ ವರಾಂಡದ ಕಡೆ ನೋಡಿ, “ಒಂದು ನಿಂಗೆ. ಇನ್ನೊಂದು ಸುಮ್ನೆ ಇರಲಿ,” ಅಂದಳು.

“ಸುಮ್ನೆ ಯಾಕಿರಬೇಕು? ಅತ್ತೆಗೆ ಕೊಡೋದಾದ್ರೆ ನೀನೇ ಹೋಗಿ ಕೊಡು. ಕದ್ದುಮುಚ್ಚಿ ನಾನು ಹೊರಲ್ಲ,” ಎಂದು ಒಂದನ್ನು ವಾಪಸು ಅವಳ ಕೈಗಿಟ್ಟೆ. ಅಮ್ಮನ ಕಣ್ಣು ತುಂಬಿತು. ನನಗೂ ಸಂಕಟವಾಯಿತು. ಆದರೂ ತೆಗೆದುಕೊಳ್ಳಲಿಲ್ಲ.

ಆ ಸಂಕಟದಲ್ಲೇ ಕಪಾಟಿನಿಂದ ಪುಸ್ತಕ ತಂದು ವರಾಂಡದಲ್ಲಿ ತಾತನ ಕುರ್ಚಿಯ ಮುಂದಿನ ಸ್ಟೂಲಿನ ಮೇಲೆ ‘ವ’ ಪುಟ ಬಿಚ್ಚಿಟ್ಟೆ. ಹಾಸ್ಟೆಲಿನಿಂದ ಬಂದಿದ್ದ ಕಾಗದವನ್ನೂ ಅದರ ಪಕ್ಕ ಇಟ್ಟೆ.

“ನಾನು ಹೋಗ್ತಿರೋ ಊರನ್ನ ಇದರಲ್ಲಿ ಬರೀಬೇಕು ತಾತ. ಇಲ್ದಿದ್ರೆ ಈ ಮನೇಲಿ ಯಾರ ಮದುವೆ ಆದ್ರೂ ನಾನು ಬರಲ್ಲ. ನನಗೆ ಪತ್ರಿಕೆ ಎಲ್ಲಿಗೆ ಕಳಿಸ್ತೀರಿ?”

ತಾತ ಪುಸ್ತಕ ಮುಟ್ಟಲಿಲ್ಲ. ಬೀದಿ ನೋಡುತ್ತ ಕೂತರು. ಕೆಳಗೆ ಆಟೋದವನು ಹಾರನ್ ಮಾಡುತ್ತಿದ್ದ. ನಾನು ಇನ್ನೇನು ಪುಸ್ತಕ ಮುಚ್ಚಬೇಕು, ಅಷ್ಟರಲ್ಲಿ ಅಪ್ಪ ಬಂದು ನೆಲದ ಮೇಲೆ ಕೂತು ಜೇಬಿನಿಂದ ಪೆನ್ನು ತೆಗೆದರು. ವೆಲ್ಲೂರಿನ ಕೆಳಗೆ ಉಳಿದಿದ್ದ ಜಾಗದಲ್ಲಿ ‘ವಿಶಾಖಪಟ್ಟಣ’ ಎಂದು ಬರೆದು ಅಡಿಗೆರೆ ಎಳೆದರು. ಕಾಗದ ನೋಡಿಕೊಂಡು ನನ್ನ ಹಾಸ್ಟೆಲಿನ ವಿಳಾಸ ಬರೆದರು. ಆಮೇಲೆ ಕಾಗದವನ್ನು ಪಕ್ಕಕ್ಕೆ ಸರಿಸಿ, ಏನನ್ನೂ ನೋಡದೆ, ಇನ್ನೊಂದು ವಿಳಾಸ ಬರೆದರು. ಅಕ್ಕನ ಹೆಸರು, ಮನೆ ನಂಬರು, ಎರಡನೇ ಅಡ್ಡರಸ್ತೆ, ನೀರಿನ ಟ್ಯಾಂಕಿನ ಹಿಂದೆ, ಆರಂಕಿಯ ಪಿನ್ ಕೋಡ್. ಪೆನ್ನು ಎಲ್ಲೂ ತಡೆಯಲಿಲ್ಲ. ಕೋಡಂಬಾಕ್ಕಂನ ಪಿನ್ ಕೋಡನ್ನು ಪ್ರತಿಸಲವೂ ಅಮ್ಮನನ್ನು ಕೇಳಿ ಬರೆಯುವವರು ನಮ್ಮ ಅಪ್ಪ.

ಎಷ್ಟು ವರ್ಷದಿಂದ ಅಕ್ಕನಿಗೆ ಕಾಗದ ಬರೆಯುತ್ತಿದ್ದರು ಎಂದು ನಾನು ಕೇಳಲಿಲ್ಲ. ಸಿಟ್ಟು ಬಂದಿತ್ತು. ಇಷ್ಟು ಗೊತ್ತಿದ್ದವರು ಅವತ್ತು ತಟ್ಟೆ ನೋಡುತ್ತ ಕೂತಿದ್ದರಲ್ಲ! ತಾತ ಪುಟವನ್ನು ನೋಡಿದರು, ಅಪ್ಪನನ್ನು ನೋಡಿದರು, ಪುಟ ಹರಿದುಹಾಕಲಿಲ್ಲ. ನಾನು ಬಗ್ಗಿ ನಮಸ್ಕಾರ ಮಾಡಿದಾಗ ತಲೆಯ ಮೇಲೆ ಕೈ ಇಟ್ಟರು.

ವಿಶಾಖಪಟ್ಟಣದ ಸ್ಟೇಷನ್ನಿನಲ್ಲಿ ನನಗಾಗಿ ಯಾರೂ ನಿಂತಿರಲಿಲ್ಲ. ಟ್ರಂಕನ್ನು ನಾನೇ ಎಳೆದು ಇಳಿಸಿ, ಅದರ ಮೇಲೆಯೇ ಕೂತು, ಒಂದು ಟೀ ಕುಡಿದೆ. ಪ್ಲಾಟ್‌ಫಾರಂ ತುಂಬ ಜನ, ಒಬ್ಬರಿಗೂ ನನ್ನ ಅಜ್ಜಿಯ ಮುಖ ಗೊತ್ತಿರಲಿಲ್ಲ. ಅಷ್ಟು ಹಾಯಾಗಿ ನಾನು ಅದುವರೆಗೆ ಯಾವ ಸ್ಟೇಷನ್ನಿನಲ್ಲೂ ಕೂತಿರಲಿಲ್ಲ. ಮೊದಲ ಭಾನುವಾರ ಹತ್ತಕ್ಕೆ ಏಳಬೇಕೆಂದು ಮಲಗಿದೆ, ಆರಕ್ಕೇ ಎಚ್ಚರವಾಯಿತು.

ಅತ್ತೆಯ ಮನೆಗೆ ಹೋಗಲು ಐದು ವಾರ ಬೇಕಾಯಿತು. ಬೇಕೆಂದೇ ತಡ ಮಾಡಿದೆ. ಹೋಗಲೇಬೇಕು ಅನ್ನುವ ಒತ್ತಾಯ ಒಳಗಿನಿಂದ ಪೂರ್ತಿ ಇಳಿಯುವವರೆಗೆ ಕಾದೆ. ಆರನೇ ಭಾನುವಾರ, ಸುಮ್ಮನೆ ನೋಡಬೇಕು ಅನಿಸಿತು, ಹೊರಟೆ. ನೀರಿನ ಟ್ಯಾಂಕು ಸಿಕ್ಕಿತು, ಅದರ ಹಿಂದೆ ಮನೆ ಸಿಕ್ಕಿತು. ಬಾಗಿಲು ತೆಗೆದವರು ದಪ್ಪ ಕನ್ನಡಕ ಹಾಕಿದ್ದ, ಅರ್ಧ ನರೆತ ಕೂದಲಿನ ಹೆಂಗಸು. ಅಪ್ಪನದೇ ಮೂಗು. ಅವರು ನನ್ನ ಮುಖ ನೋಡಿ ಬಾಗಿಲ ಚೌಕಟ್ಟು ಹಿಡಿದುಕೊಂಡರು. ನಾನು ಯಾರೆಂದು ಹೇಳುವ ಅಗತ್ಯವೇ ಬೀಳಲಿಲ್ಲ. ಮರುಗಳಿಗೆ ಅವರ ಕಣ್ಣು ಕೆಳಗಿಳಿದು ನನ್ನ ಕೈಗಳನ್ನು ನೋಡಿತು. ಕೈ ಖಾಲಿ ಇತ್ತು.

“ಯಾರು ಕಳಿಸಿದ್ರು?” ಎಂದು ಕೇಳಿದರು. ಇಪ್ಪತ್ತೈದು ವರ್ಷದ ಮೇಲೂ ಥೇಟು ನಮ್ಮ ಮನೆಯ ಕನ್ನಡ.

“ಯಾರೂ ಕಳಿಸ್ಲಿಲ್ಲ. ನಾನೇ ಬಂದೆ.”

ಅವರು ಚೌಕಟ್ಟಿನಿಂದ ಕೈ ತೆಗೆದರು. ಆಮೇಲೆ ಬಾಗಿಲು ಪೂರ್ತಿ ತೆರೆದರು.

“ಹಾಗಾದ್ರೆ ಒಳಗೆ ಬಾ.”