ಆರು ವರ್ಷ ತಂತಿ ಕಾಣದ ಗಿಟಾರು

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ಹೌರಾದ ಶಿಬ್‌ಪುರದ ಗಲ್ಲಿಯೊಂದರಲ್ಲಿ ಶಂಕರಲಿಂಗ ಕಾರ್ಖಾನೆಯ ಬಾಗಿಲು ತೆರೆದು, ಚಪ್ಪಲಿ ಹೊರಗೆ ಬಿಟ್ಟು, ದೀಪ ಹಾಕುವುದಕ್ಕೂ ಮೊದಲು ಮೊಳೆಗೆ ನೇತುಹಾಕಿದ ಬೀಗದ ಕೈ ತೆಗೆದುಕೊಳ್ಳುತ್ತಾರೆ. ಮೂಲೆಯ ಗಾಜಿನ ಕಪಾಟಿನಲ್ಲಿ ಒಂದು ಬೇಸ್ ಗಿಟಾರು. ಅದಕ್ಕೆ ತಂತಿಗಳೇ ಇಲ್ಲ. ಅದನ್ನು ಹೊರತೆಗೆದು ಮೆತ್ತಗೆ ಒರೆಸುತ್ತಾರೆ. ಮೈಯ ಮೇಲಂಚಿನಲ್ಲಿರುವ ಸಣ್ಣ ತಗ್ಗಿನಲ್ಲಿ ಬಲಗೈ ಹೆಬ್ಬೆರಳಿಟ್ಟು ನೋಡುತ್ತಾರೆ. ಆಮೇಲೆ ಒಳಗಿಟ್ಟು ಬೀಗ ಹಾಕುತ್ತಾರೆ.

"ಇವತ್ತ ಹೋಗತದ್ರೀ ಇದು. ಹತ್ತಕ್ಕ ವ್ಯಾನ್ ಬರತದ," ಎನ್ನುತ್ತಾ ನನಗೊಂದು ಸ್ಟೂಲ್ ಎಳೆದುಕೊಡುತ್ತಾರೆ.

ಸಂಗೀತದ ವಿಷಯದಲ್ಲಿ ನಾನು ಶುದ್ಧ ದಡ್ಡ. ಬೇಸ್ ಗಿಟಾರಿಗೆ ನಾಲ್ಕೇ ತಂತಿ ಅನ್ನುವುದನ್ನೂ ಇವರಿಂದಲೇ ಕಲಿತೆ. ಕಪಾಟಿನಲ್ಲಿರುವುದು ವಿದೇಶದ ದೊಡ್ಡ ಕಂಪನಿಯ ಅಸಲಿ, ಬೆಲೆ ಎರಡೂವರೆ ಲಕ್ಷದ ಮೇಲೆ. ಅದೇ ಕಂಪನಿಯ ಅಪ್ಪಣೆ ಪಡೆದು, ಅದೇ ಅಳತೆಯಲ್ಲಿ, ಅಗ್ಗದ ಮರದಲ್ಲಿ ಇಲ್ಲಿ ತಯಾರಾಗುವ ಗಿಟಾರು ಹದಿನೆಂಟು ಸಾವಿರಕ್ಕೆ ಸಿಗುತ್ತದೆ. ಕಳ್ಳಮಾಲಲ್ಲ, ಕರಾರಿನ ಮಾಲು. ಕೋಲ್ಕತ್ತದ ಸಾಲ್ಟ್ ಲೇಕಿನ ಸೆಕ್ಟರ್ ಫೈವ್‌ನಲ್ಲಿ ಈಗ ಐಟಿ ಕಂಪನಿಗೊಂದು ಬ್ಯಾಂಡು, ಹುಡುಗರ ಕೈಯಲ್ಲಿ ಸಂಬಳ. ಹೀಗಾಗಿ ಆರು ವರ್ಷದಿಂದ ಇಲ್ಲಿ ಕೆಲಸಕ್ಕೆ ಬರ ಬಂದಿಲ್ಲ.

ಶಂಕರಲಿಂಗರ ತಂದೆ ಧಾರವಾಡ ಕಡೆಯಿಂದ ಬಂದು ಹೌರಾದಲ್ಲಿ ರೈಲ್ವೆ ಫಿಟ್ಟರ್ ಆದವರು. ಮಗ ಹುಟ್ಟಿದ್ದು ಇಲ್ಲಿಯ ಕ್ವಾರ್ಟರ್ಸಿನಲ್ಲಿ. ಹದಿನೇಳಕ್ಕೆ ಸಿತಾರ್ ಮಾಡುವವರ ಬಳಿ ಸೇರಿಕೊಂಡರು, ಈಗ ಐವತ್ತನಾಲ್ಕು. ಗಿಟಾರಿನ ಕತ್ತಿನ ಮೇಲೆ ಅಡ್ಡಡ್ಡ ಕೂರುವ ಲೋಹದ ಕಡ್ಡಿಗಳನ್ನು ಇವರು ಇವತ್ತಿಗೂ ಸಿತಾರಿನವರ ಹಾಗೆ 'ಪರ್ದಾ' ಅನ್ನುತ್ತಾರೆ. ಒಂದು ಕತ್ತಿಗೆ ಇಪ್ಪತ್ತನಾಲ್ಕು ಪರ್ದಾ, ಪ್ರತಿಯೊಂದಕ್ಕೆ ಎರಡು ತುದಿ, ದಿನಕ್ಕೆ ಮೂರು ಕತ್ತು. ಅಂದರೆ ನೂರ ನಲವತ್ತನಾಲ್ಕು ತುದಿಗಳನ್ನು ಅರ ಹಾಕಿ ಉಜ್ಜಿ, ಹೆಂಡತಿ ಸುಭದ್ರಾ ಅವರ ಹಳೆಯ ಇಳಕಲ್ ಸೀರೆಯ ಸೆರಗಿನ ತುಂಡನ್ನು ಅಂಚಿನುದ್ದಕ್ಕೂ ಎಳೆಯುತ್ತಾರೆ. ರೇಷ್ಮೆಯ ಒಂದೇ ಒಂದು ಎಳೆ ಸಿಕ್ಕಿಕೊಂಡರೂ ಮತ್ತೆ ಉಜ್ಜಬೇಕು.

"ಬಾರಸೋವನ ಕೈಗೆ ಚುಚ್ಚಬಾರದ್ರಿ. ಆಂವ ನನ್ನ ಮಾರಿ ನೋಡಿರಂಗಿಲ್ಲ, ಆದ್ರ ಬೈಯ್ಯೂದು ನನಗನ."

ಅಸಲಿ ಬಂದ ವರ್ಷ ಒಂದು ಎಡವಟ್ಟಾಯಿತು. ಹೇಳುವಾಗ ಈಗಲೂ ಅವರ ಕಿವಿ ಕೆಂಪಗಾಗುತ್ತದೆ. ಕಂಪನಿ ಮಾದರಿಗೆಂದು ಕಳಿಸಿದ್ದು ಯಾರೋ ಬಳಸಿ ಬಿಟ್ಟ ಗಿಟಾರು. ಅದನ್ನು ಇವರಿಗೆ ಯಾರೂ ಹೇಳಿರಲಿಲ್ಲ. ಮೇಲಂಚಿನ ಆ ತಗ್ಗನ್ನು ಶಂಕರಲಿಂಗ ಭಕ್ತಿಯಿಂದ ಅಳೆದು, ಮೊದಲ ನಲವತ್ತು ಗಿಟಾರುಗಳಲ್ಲೂ ಹಾಗೇ ಕೊರೆದರು. ತಪಾಸಣೆಗೆ ಬಂದವನು ತಲೆ ಚಚ್ಚಿಕೊಂಡ. ಅದು ವಿನ್ಯಾಸವೇ ಅಲ್ಲ. ಹೆಬ್ಬೆರಳೂರಿ ಹತ್ತಾರು ವರ್ಷ ನುಡಿಸಿದ ಯಾರದೋ ಕೈ ತೇಯ್ದ ಗುರುತು!

ನಲವತ್ತೂ ರಿಜೆಕ್ಟ್ ಆಗಿ ಅರ್ಧ ಬೆಲೆಗೆ ಹೋದವು. ಅದರಲ್ಲೊಂದು, ಬೆಂಗಳೂರು ಬಿಟ್ಟು ಬಂದು ಸೆಕ್ಟರ್ ಫೈವ್‌ನಲ್ಲಿ ಕೆಲಸಕ್ಕಿರುವ ಮಿಥುನ್ ಎಂಬ ಹುಡುಗನ ಕೈ ಸೇರಿದೆ. ಫೋನಿನಲ್ಲಿ ಕೇಳಿದೆ. "ಅಯ್ಯೋ, ಅದನ್ನ ಯಾರಿಗೂ ಕೊಡಲ್ಲ ಸರ್. ಹೆಬ್ಬೆರಳಿಡೋಕೆ ಅಂತ ಜಾಗ ಮಾಡಿರೋದು ಇದೊಂದ್ರಲ್ಲೇ," ಅಂದ. ಶಂಕರಲಿಂಗರಿಗೆ ಇದನ್ನು ಹೇಳಿದರೆ, "ಹುಚ್ಚಪ್ಪ," ಎಂದು ನಕ್ಕು ಮುಖ ತಿರುಗಿಸಿಕೊಂಡರು.

ಆದರೆ ಆ ತಗ್ಗು ಅವರನ್ನು ಬಿಡಲಿಲ್ಲ. "ಮರ ತೇಯೂ ಹಂಗ ಬಾರಿಸ್ಯಾನಂದ್ರ, ಹೆಂಗ ನುಡಿಯತಿದ್ದೀತು ಅದು? ನಾಲ್ಕ ಸಾವಿರದ ಮ್ಯಾಲ ಕತ್ತು ಮಾಡೇನಿ. ಎಲ್ಲಾ ಅದರಂಗನ. ಅದರದ ದನಿ ಮಾತ್ರ ಕೇಳಿಲ್ಲ."

ಕರಾರಿನ ಕಾಗದದಲ್ಲಿ ಬರೆದಿತ್ತು: ಮಾದರಿ ಅಳತೆಗೆ ಮಾತ್ರ. ತಂತಿ ಹಾಕಬಾರದು, ತಿರುಪು ಮುಟ್ಟಬಾರದು. ಕಾರ್ಖಾನೆಯ ಮಾಲೀಕ ದತ್ತಬಾಬು ಅದನ್ನು ಒಂದು ಸಲ ಓದಿ ಹೇಳಿದ್ದರು. ಅಷ್ಟೇ ಸಾಕಾಯಿತು. ಆಸೆ ಎದೆ ತುಂಬ ಇದ್ದರೂ ಇವರು ಒಂದು ದಿನವೂ ಬಾಯಿ ಬಿಡಲಿಲ್ಲ. ಯಾಕೆ ಎಂದು ಕೇಳಿದ್ದಕ್ಕೆ, "ಕೇಳಿದ್ರ ಬ್ಯಾಡ ಅಂತಿದ್ರು. ಕೇಳದಿದ್ರ, ಎಂದಾರ ಒಂದಿನ ಹೂಂ ಅಂದಾರು ಅಂತ ಇರತದಲ್ರೀ," ಅಂದರು.

ಈಗ ಕರಾರು ಮುಗಿದಿದೆ. ಇನ್ನು ಈ ಗಿಟಾರು ಬೇರೆ ದೇಶದಲ್ಲಿ ತಯಾರಾಗುತ್ತದಂತೆ, ಮಾದರಿಯೂ ಅಲ್ಲಿಗೇ ಹೋಗುತ್ತದೆ. ಒಂಬತ್ತಕ್ಕೆ ದತ್ತಬಾಬು ಬರುತ್ತಾರೆ. ಮಣ್ಣಿನ ಲೋಟದಲ್ಲಿ ಚಹಾ ಬರುತ್ತದೆ. ಶಂಕರಲಿಂಗ ಚಹಾ ಮುಟ್ಟದೆ, ಅರವನ್ನು ಕೆಳಗಿಟ್ಟು ಎದ್ದು ನಿಲ್ಲುತ್ತಾರೆ. ಕಡೆಗೂ ಕೇಳಿಯೇ ಬಿಡುತ್ತಾರೆ, ಬಂಗಾಳಿಯಲ್ಲಿ. ಒಂದು ಸಲ ತಂತಿ ಹಾಕಿ ಕೇಳಲೇ?

ದತ್ತಬಾಬು ಬೆರಗಾಗಿ ನೋಡುತ್ತಾರೆ. ಆಮೇಲೆ ಹಿಂದಿಯಲ್ಲಿ, ನನಗೂ ತಿಳಿಯಲೆಂದೋ ಏನೋ, ಹೇಳುತ್ತಾರೆ. "ನೀವು ಇನ್ನೂ ಕೇಳಿಲ್ಲವೇ? ಮೊದಲ ವಾರವೇ ಕದ್ದು ಕೇಳಿರುತ್ತೀರಿ ಅಂದುಕೊಂಡಿದ್ದೆ. ಇಲ್ಲದಿದ್ದರೆ ಬೀಗದ ಕೈಯನ್ನು ಮೊಳೆಯ ಮೇಲೆ ಯಾಕೆ ಬಿಡುತ್ತಿದ್ದೆ?"

ಶಂಕರಲಿಂಗ ಆ ಮೊಳೆಯನ್ನೇ ನೋಡುತ್ತಾರೆ. ಆರು ವರ್ಷ ದಿನಾ ಮುಟ್ಟಿದ ಬೀಗದ ಕೈ.

ಬೇಗ ಬೇಗ ದಪ್ಪ ತಂತಿಯೊಂದನ್ನು ಹಾಕಿ, ಬಿರಡೆ ತಿರುಗಿಸಿ, ತಗ್ಗಿನಲ್ಲಿ ಹೆಬ್ಬೆರಳೂರಿ ಮೀಟುತ್ತಾರೆ. ಬರ್ರ್ ಎನ್ನುತ್ತದೆ. ಮತ್ತೆ ಮೀಟಿದರೂ ಅದೇ. ಕಣ್ಣಿನ ಮಟ್ಟಕ್ಕೆ ಎತ್ತಿ ಕತ್ತಿನುದ್ದ ನೋಡಿದವರು ಹಾಗೇ ಕೂತುಬಿಡುತ್ತಾರೆ.

ಕತ್ತಿನೊಳಗೆ ಉಕ್ಕಿನ ಸಲಾಕೆಯೊಂದಿರುತ್ತದೆ. ತಂತಿಗಳು ಮುಂದಕ್ಕೆ ಎಳೆಯುತ್ತವೆ, ಸಲಾಕೆ ಹಿಂದಕ್ಕೆ. ಎರಡೂ ಸಮನಾಗಿ ಜಗ್ಗಿದರೆ ಕತ್ತು ನೆಟ್ಟಗೆ. ಆರು ವರ್ಷ ತಂತಿಯೇ ಇಲ್ಲದೆ ಸಲಾಕೆಯೊಂದೇ ಜಗ್ಗಿದೆ. ಕತ್ತು ಹಿಂದಕ್ಕೆ ಬಾಗಿ ತಂತಿ ಪರ್ದಾಗಳ ಮೇಲೆ ಮಲಗುತ್ತಿದೆ.

"ಒಂಚೂರು ಬಾಗೇದ ಅಂತ ಗೊತ್ತಿತ್ತು. ಇಷ್ಟ ಅಂತ ಗೊತ್ತಿದ್ದಿಲ್ರೀ," ಎನ್ನುತ್ತಾರೆ. ಸರಿಹೋಗಲು ಎಷ್ಟು ಹೊತ್ತು ಬೇಕು? "ಸಲಾಕಿ ತಿರುಪು ಸಡಿಲ ಮಾಡಿ ತಂತಿ ಬಿಗದ್ರ ಎರಡ ದಿನದಾಗ ಕಟಿಗಿ ತಾನ ನೆಟ್ಟಗ ಬರತದ."

ಗಡಿಯಾರದಲ್ಲಿ ಒಂಬತ್ತೂ ಮುಕ್ಕಾಲು. ವ್ಯಾನ್ ಆಗಲೇ ಗಲ್ಲಿಯ ಬಾಯಲ್ಲಿ ಹಾರ್ನ್ ಹೊಡೆಯುತ್ತಿದೆ.

ಶಂಕರಲಿಂಗ ತಿರುಪು ತಿರುಗಿಸುವ ಸಣ್ಣ ಚಾವಿ ತೆಗೆದು ಅದನ್ನು ಕಾಲು ಸುತ್ತು ಸಡಿಲಿಸುತ್ತಾರೆ. ಬೆರಳಿನಿಂದ ಕತ್ತು ಸವರಿ ನೋಡಿ ಇನ್ನೊಂದು ಕಾಲು ಸುತ್ತು. ಮತ್ತೂ ಮೂರು ತಂತಿ ಹಾಕಿ ಹದವಾಗಿ ಬಿಗಿಯುತ್ತಾರೆ. ಇಳಕಲ್ ಸೆರಗಿನ ತುಂಡನ್ನು ಅಂಚಿನ ಮೇಲೆ ಎಳೆಯುತ್ತಾರೆ. ಒಂದು ಎಳೆಯೂ ಸಿಕ್ಕುವುದಿಲ್ಲ. ಪೆಟ್ಟಿಗೆಯಲ್ಲಿಟ್ಟು ಮುಚ್ಚುವ ಮುನ್ನ ಹೆಬ್ಬೆರಳು ಮತ್ತೊಮ್ಮೆ ಆ ತಗ್ಗಿಗೆ ಹೋಗಿ ಬರುತ್ತದೆ.

ವ್ಯಾನ್ ಹೋದ ಮೇಲೆ, ತಡೆಯಲಾರದೆ ಕೇಳಿದೆ. ಅದರ ದನಿ ನೀವಂತೂ ಇನ್ನು ಕೇಳುವ ಹಾಗಿಲ್ಲ. ಅಷ್ಟು ಅವಸರದಲ್ಲಿ ಅದನ್ನು ಸರಿಮಾಡಿದ್ದು ಯಾಕೆ?

ತಣ್ಣಗಾದ ಚಹಾವನ್ನು ಒಂದೇ ಗುಟುಕಿಗೆ ಮುಗಿಸಿ, ಅವರು ಅರ ಕೈಗೆತ್ತಿಕೊಳ್ಳುತ್ತಾರೆ. "ಅಲ್ಲಿ ಮುಟ್ಟೂದ್ರಾಗ ಕತ್ತು ಸರಿ ಆಗಿರತದ್ರಿ. ನಾ ಕೇಳಲಿಲ್ಲಂತ ಅದು ಮೂಕ ಆಗಿರಬೇಕೇನು?"